‘ಇಂಥ ಮಕ್ಕಳು ಹಾಗೆಯೇ’ ಎನ್ನುವ ಮೊದಲು: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನನ್ನ ಮಗಳಿಗೆ ಈಗ ನಾಲ್ಕು ವರ್ಷ. ಅವಳಿಗೆ ಡೌನ್ ಸಿಂಡ್ರೋಮ್ ಇದೆ, ಅಂದರೆ ಹುಟ್ಟಿನಿಂದಲೇ ಜೀವಕೋಶಗಳಲ್ಲಿ ಒಂದು ವರ್ಣತಂತು (ಕ್ರೋಮೋಸೋಮ್) ಹೆಚ್ಚಿಗೆ ಇದೆ. ಎರಡೂವರೆ ವರ್ಷ ತುಂಬುವವರೆಗೂ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕರೆದರೆ ಅವಳು ತಿರುಗುತ್ತಿರಲಿಲ್ಲ. ಎದುರಿಗೆ ಬಂದು ಮುಖ ತೋರಿಸಿದರೆ ಮಾತ್ರ ನಗುತ್ತಿದ್ದಳು. ಮೂವರು ವೈದ್ಯರ ಬಳಿ ಇದನ್ನು ಹೇಳಿದ್ದೆ. ಮೂವರಿಂದಲೂ ಬಂದ ಉತ್ತರ ಒಂದೇ: “ಇಂಥ ಮಕ್ಕಳು ಹಾಗೆಯೇ ಅಮ್ಮ, ಅವರಿಗೆ ಎಲ್ಲವೂ ತಡ.” ನಾನು ನಂಬಿದೆ.

ನಾಲ್ಕನೆಯವರು ಕಿವಿಯೊಳಗೆ ಬೆಳಕು ಹಾಯಿಸಿ ನೋಡಿದರು. ಎರಡೂ ಕಿವಿತಮಟೆಗಳ ಹಿಂದೆ ಅಂಟಾದ ದ್ರವ ತುಂಬಿಕೊಂಡಿತ್ತು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕಿವಿಯಿಂದ ಗಂಟಲಿಗೆ ಇಳಿಯುವ ನಾಳ ಸರಿಯಾಗಿ ತೆರೆದುಕೊಳ್ಳುವುದಿಲ್ಲ, ಹೀಗಾಗುವುದು ತೀರ ಸಾಮಾನ್ಯ ಎಂದು ಅವರು ಹೇಳಿದಾಗ ನನಗೆ ಸಮಾಧಾನವಾಗಲಿಲ್ಲ, ಸಿಟ್ಟು ಬಂತು. ಇಷ್ಟು ಸಾಮಾನ್ಯವಾದದ್ದನ್ನು ಎರಡೂವರೆ ವರ್ಷ ಯಾರೂ ನೋಡಲಿಲ್ಲವೇಕೆ? ಸಣ್ಣದೊಂದು ಶಸ್ತ್ರಚಿಕಿತ್ಸೆಯಲ್ಲಿ ಪುಟ್ಟ ನಳಿಕೆಗಳನ್ನು ಇಟ್ಟು ದ್ರವ ಇಳಿಸಿದರು. ಮನೆಗೆ ಬಂದ ಮೇಲೆ, ನಲ್ಲಿಯ ನೀರು ಬಕೆಟ್ಟಿಗೆ ಬೀಳುವ ಸದ್ದಿಗೆ ಅವಳು ಬೆಚ್ಚಿಬಿದ್ದಳು. ಆಮೇಲೆ ಅಲ್ಲಿಂದ ಕದಲಲೇ ಇಲ್ಲ. ಬಕೆಟ್ ತುಂಬಿದರೆ ಚೆಲ್ಲಿ ಮತ್ತೆ ತುಂಬಿಸಬೇಕು, ಅವಳು ಕೇಳಬೇಕು. ಮಗು ಮಾತನ್ನು ಹೀರಿಕೊಳ್ಳುವ ವಯಸ್ಸಿನಲ್ಲಿ ಅವಳಿಗೆ ನಮ್ಮ ಮಾತು ಸರಿಯಾಗಿ ತಲುಪಿಯೇ ಇರಲಿಲ್ಲ.

ಅವಳು ನಿಧಾನ, ನಿಜ. 21ನೇ ವರ್ಣತಂತು ಎರಡರ ಬದಲು ಮೂರಿದ್ದರೆ ಸ್ನಾಯುಗಳು ಸಡಿಲವಾಗಿರುತ್ತವೆ. ಹಾಲು ಎಳೆಯುವುದರಿಂದ ಹಿಡಿದು ಕೂರುವುದು, ನಿಲ್ಲುವುದು ಎಲ್ಲಕ್ಕೂ ಹೆಚ್ಚು ಸಮಯ ಬೇಕು. ಇವಳು ನಡೆದದ್ದು ಎರಡು ವರ್ಷ ಮೂರು ತಿಂಗಳಿಗೆ. ಆ ನಿಧಾನದ ಬಗ್ಗೆ ನನಗೆ ದೂರಿಲ್ಲ, ಅದು ಅವಳ ನಡೆ. ಆದರೆ ಗುಣಪಡಿಸಬಹುದಾದ ಕಾಯಿಲೆಯನ್ನೂ ಅದೇ ನಿಧಾನದ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಥೈರಾಯ್ಡನ್ನೇ ನೋಡಿ. ಈ ಮಕ್ಕಳಲ್ಲಿ ಅದು ಕುಂದುವ ಸಾಧ್ಯತೆ ಹೆಚ್ಚು. ಕುಂದಿದಾಗ ಮಗು ಮಂಕಾಗುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ, ಮಲಬದ್ಧತೆ ಕಾಡುತ್ತದೆ. ನೋಡಿದವರು ಮತ್ತೆ ಅದೇ ವಾಕ್ಯ ಹೇಳುತ್ತಾರೆ. ಹುಟ್ಟಿದಾಗ, ಆರು ತಿಂಗಳಿಗೆ, ವರ್ಷಕ್ಕೆ, ಅಲ್ಲಿಂದಾಚೆ ಪ್ರತಿವರ್ಷ ಒಂದು ರಕ್ತಪರೀಕ್ಷೆ ಮಾಡಿದರೆ ಸಾಕು, ಅದು ಸಿಕ್ಕಿಬೀಳುತ್ತದೆ. ಔಷಧ ದಿನಕ್ಕೊಂದು ಮಾತ್ರೆ. ನಿದ್ದೆಯದೂ ಇದೇ ಕಥೆ. ಗೊರಕೆ ಹೊಡೆಯುವ, ಕತ್ತು ಹಿಂದಕ್ಕೆ ಚಾಚಿ ಮಲಗುವ, ಹಗಲಿಡೀ ಹಟ ಮಾಡುವ ಮಗುವನ್ನು ಸ್ವಭಾವವೇ ಹಾಗೆ ಎಂದು ಬಿಟ್ಟುಬಿಡುತ್ತಾರೆ. ರಾತ್ರಿ ಅದರ ಉಸಿರು ಮತ್ತೆ ಮತ್ತೆ ಕಟ್ಟುತ್ತಿರಬಹುದು ಎಂದು ಯೋಚಿಸುವವರು ಕಡಿಮೆ. ಹೃದಯದ ವಿಷಯವಂತೂ ಕಾಯುವಂಥದ್ದೇ ಅಲ್ಲ. ಸುಮಾರು ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ದೋಷ ಇರುತ್ತದೆ. ಸ್ಟೆತಸ್ಕೋಪಿಗೆ ಏನೂ ಕೇಳಿಸದಿದ್ದರೂ ಮೊದಲ ವಾರಗಳಲ್ಲೇ ಎಕೋ ಪರೀಕ್ಷೆ (ಹೃದಯದ ಸ್ಕ್ಯಾನ್) ಆಗಬೇಕು. ಕಣ್ಣಿನ ಪರೀಕ್ಷೆ ಆರು ತಿಂಗಳೊಳಗೆ.

ಇದೆಲ್ಲ ಹೊಸ ಸಂಶೋಧನೆಯೇನಲ್ಲ. ಈ ಹೆಚ್ಚುವರಿ ವರ್ಣತಂತು ಪತ್ತೆಯಾದದ್ದೇ 1959ರಲ್ಲಿ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯಸ್ಸು 25ರ ಆಸುಪಾಸಿನಲ್ಲಿತ್ತು. ಈಗ ಅದು 60ರ ಹತ್ತಿರ ಬಂದಿದೆ. ಈ ನಡುವೆ ವರ್ಣತಂತು ಬದಲಾಗಲಿಲ್ಲ. ಅವರ ಹೃದಯಕ್ಕೂ ಶಸ್ತ್ರಚಿಕಿತ್ಸೆ ಮಾಡಬೇಕು, ಅವರ ಸೋಂಕಿಗೂ ಔಷಧ ಕೊಡಬೇಕು ಎಂದು ವೈದ್ಯಲೋಕ ಮನಸ್ಸು ಮಾಡಿತು, ಅಷ್ಟೇ.

ಮಗಳು ಹುಟ್ಟಿದ ಎರಡನೇ ದಿನ ನಮಗೆ ಈ ವಿಷಯವನ್ನು ತಿಳಿಸಿದ್ದು ಆಸ್ಪತ್ರೆಯ ಕಾರಿಡಾರಿನಲ್ಲಿ, ನಿಂತುಕೊಂಡೇ. ಮಗು ನನ್ನ ಕೈಯಲ್ಲಿರಲಿಲ್ಲ. ಕೊಟ್ಟ ಹಾಳೆಯಲ್ಲಿ ವರ್ಣತಂತುಗಳ ಚಿತ್ರವಿತ್ತು. ನಾಳೆ ಏನು ಮಾಡಬೇಕು ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದೇ ದಿನ ಕೊಟ್ಟ ಲಸಿಕೆಯ ಕಾರ್ಡಿನಲ್ಲಿ ಮಾತ್ರ ಯಾವ ವಾರಕ್ಕೆ ಯಾವ ಚುಚ್ಚುಮದ್ದು ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಆ ಕಾರ್ಡ್ ಹಿಡಿದು ಹೋದರೆ ಯಾವ ದಾದಿಯೂ ‘ಈಗ ಬೇಡ’ ಎನ್ನುವುದಿಲ್ಲ. ನಾನು ಕೇಳುತ್ತಿರುವುದು ಅಂಥದೇ ಇನ್ನೊಂದು ಕಾರ್ಡನ್ನು. ಹೃದಯ, ಕಿವಿ, ಕಣ್ಣು, ಥೈರಾಯ್ಡ್, ನಿದ್ದೆ, ಇವುಗಳ ಜೊತೆಗೆ ಫಿಸಿಯೋಥೆರಪಿ ಮತ್ತು ಮಾತಿನ ತರಬೇತಿ ಯಾವಾಗ ಆರಂಭವಾಗಬೇಕು ಎಂಬುದೂ ಅದರಲ್ಲಿರಲಿ. ಕಾರ್ಡಿನಲ್ಲಿ ದಿನಾಂಕ ಇದ್ದರೆ ತಾಯಿ ಬೇಡಿಕೊಳ್ಳಬೇಕಾಗಿಲ್ಲ, ತೋರಿಸಿದರೆ ಸಾಕು. ವಿಷಯ ತಿಳಿಸುವ ದಿನವೇ, ಮಗುವನ್ನು ಮಡಿಲಲ್ಲಿಟ್ಟು, ತಂದೆ ತಾಯಿ ಇಬ್ಬರನ್ನೂ ಕೂರಿಸಿಕೊಂಡು ಅದನ್ನು ಕೊಡಬೇಕೆಂದು ಎಲ್ಲ ಹೆರಿಗೆ ಆಸ್ಪತ್ರೆಗಳಿಗೆ ಆದೇಶ ಹೊರಡಿಸಿ.

ಮಾತಿನ ತರಬೇತಿ ಎಂದೆ. ಈಗ ನಮ್ಮ ಮನೆಯಲ್ಲಿ ಕೈಸನ್ನೆಗಳೂ ನಡೆಯುತ್ತವೆ. ಸನ್ನೆ ಕಲಿಸಿದರೆ ಮಗು ಬಾಯಿ ತೆರೆಯುವುದೇ ಇಲ್ಲ ಎಂದು ಹಿರಿಯರು ಹೆದರಿದ್ದರು. ಆದದ್ದೇ ಬೇರೆ. ಅವಳು ಮೊದಲು ಕಲಿತ ಸನ್ನೆ ‘ಇನ್ನೂ ಬೇಕು’. ಕೆಲವು ತಿಂಗಳ ನಂತರ ಅದೇ ಸನ್ನೆಯ ಬೆನ್ನಿಗೆ ‘ಇನ್ನೂ’ ಎಂಬ ಮಾತೂ ಬಂತು, ಬಕೆಟ್ಟಿನ ಮುಂದೆ ನಿಂತಿದ್ದಾಗ.

ಕಾರ್ಡ್ ಇಲ್ಲದ್ದರಿಂದ ನಾನೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಒಂದು ಪಟ್ಟಿ ಮಾಡಿಕೊಂಡಿದ್ದೇನೆ. ಮಕ್ಕಳ ವೈದ್ಯರೊಬ್ಬರು ಅದನ್ನು ತಿದ್ದಿಕೊಟ್ಟಿದ್ದಾರೆ. ಆಸ್ಪತ್ರೆಯಲ್ಲಿ ಸರದಿಗಾಗಿ ಕಾಯುವಾಗ ಬೇರೆ ತಾಯಂದಿರು ಅದರ ಫೋಟೊವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋಗುತ್ತಾರೆ. ನನ್ನ ಅಕ್ಷರದ ಆ ಪುಟವನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ನಿಮ್ಮ ತಜ್ಞರು ಅದನ್ನು ಪರಿಶೀಲಿಸಲಿ, ತಪ್ಪಿದ್ದರೆ ತಿದ್ದಲಿ, ಇಲಾಖೆಯ ಮೊಹರಿನೊಂದಿಗೆ ಅಚ್ಚು ಹಾಕಿಸಲಿ. ಯಾವ ತಿಂಗಳೊಳಗೆ ಅದು ಆಸ್ಪತ್ರೆಗಳಿಗೆ ತಲುಪುತ್ತದೆ ಎಂಬುದನ್ನು ದಯವಿಟ್ಟು ಬರಹದಲ್ಲಿ ತಿಳಿಸಿ.

ಇಂತಿ,
ನಾಲ್ಕು ವರ್ಷದ ಮಗಳ ತಾಯಿ