ಮಾಲುಗಣ್ಣಿನ ಸರತಿ ಮುಗಿಯಿತು. ಜೊತೆಗಿದ್ದವರಿಗೆಲ್ಲ ನಮ್ಮ ವಂದನೆ

ಬೇಸಿಗೆ ರಜೆಗೆಂದು ಕಾದಿರಿಸಿದ್ದ ಮಕ್ಕಳ ಮಾಲುಗಣ್ಣಿನ ಶಸ್ತ್ರಚಿಕಿತ್ಸೆಗಳೆಲ್ಲ ಶಾಲೆ ತೆರೆಯುವ ಮೊದಲೇ ಮುಗಿದಿವೆ. ಕತ್ತರಿ ಹಿಡಿದವರಿಗೆ ಮೆಚ್ಚುಗೆ ತಾನಾಗಿ ಬರುತ್ತದೆ. ಉಳಿದವರು ಮಾಡಿದ್ದೇನು ಎಂಬುದನ್ನು ಊರಿಗೆಲ್ಲ ತಿಳಿಸಬೇಕೆಂದು ಈ ಬರಹ.

ಮೊದಲ ನಮಸ್ಕಾರ ಕಣ್ಣು ಎಷ್ಟು ತಿರುಗಿದೆ ಎಂದು ಅಳತೆ ತೆಗೆದ ತಜ್ಞರಿಗೆ, ಅಂದರೆ ಆರ್ಥಾಪ್ಟಿಸ್ಟ್‌ಗಳಿಗೆ. ಪ್ರತಿ ಕಣ್ಣನ್ನೂ ತಿರುಗಿಸುವುದು ಆರು ಸ್ನಾಯುಗಳು: ನಾಲ್ಕು ನೇರ, ಎರಡು ಓರೆ. ಮೂಗಿನ ಕಡೆಯ ನೇರ ಸ್ನಾಯು ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಅಂಚಿನಿಂದ ಸುಮಾರು 5.5 ಮಿ.ಮೀ. ಹಿಂದೆ ಅಂಟಿಕೊಂಡಿರುತ್ತದೆ. ಕಣ್ಣು ಒಳಕ್ಕೆ, ಮಾಲು ಎಷ್ಟೆಂದು ಅಳೆಯುವ ಮಾನದಲ್ಲಿ, 30 ಪ್ರಿಸಂ ಡಯಾಪ್ಟರ್‌ನಷ್ಟು ತಿರುಗಿದ್ದರೆ ಎರಡೂ ಕಣ್ಣುಗಳ ಈ ಸ್ನಾಯುವನ್ನು 4.5 ಮಿ.ಮೀ. ಹಿಂದಕ್ಕೆ ಸರಿಸಿ ಹೊಲಿಯುತ್ತೇವೆ. 40 ಇದ್ದರೆ 5.5 ಮಿ.ಮೀ. ಅಂದರೆ ಅಳತೆ ತಪ್ಪಿದರೆ ಹೊಲಿಗೆ ಎಷ್ಟು ಅಚ್ಚುಕಟ್ಟಾಗಿದ್ದರೂ ಕಣ್ಣು ನೇರವಾಗದು. ಅಳುವ ಮಗುವಿಗೆ ದೂರದ ಬೊಂಬೆ ತೋರಿಸುತ್ತ, ಒಂದೊಂದೇ ಕಣ್ಣು ಮುಚ್ಚಿ ತೆರೆದು, ಬೆಳಕನ್ನು ಬಾಗಿಸುವ ಗಾಜಾದ ಪ್ರಿಸಂ ಬದಲಿಸುತ್ತ ಅಳೆಯುವುದು ಸುಲಭದ ಕೆಲಸವಲ್ಲ. ಪ್ಲಸ್ ಪವರಿನ ಕನ್ನಡಕ ಹಾಕಿದೊಡನೆ ಕಣ್ಣು ಪೂರ್ತಿ ನೇರವಾಗುವ ಮಕ್ಕಳಿರುತ್ತಾರೆ. ಅವರಿಗೆ ಶಸ್ತ್ರಚಿಕಿತ್ಸೆಯೇ ಬೇಡ. ಅಂಥವರನ್ನು ಗುರುತಿಸಿ ಪಟ್ಟಿಯಿಂದ ತೆಗೆದದ್ದೂ ಇವರೇ.

ಮಗು ಸದಾ ಒಂದೇ ಭುಜದ ಕಡೆ ತಲೆ ವಾಲಿಸುತ್ತದೆ ಎಂದು ಗಮನಿಸಿ ಕಳಿಸಿದ ಟೀಚರುಗಳಿಗೆ ಶರಣು. ಮೇಲಿನ ಓರೆ ಸ್ನಾಯುವಿನ ಹುರಿ ಬಾವಿಯ ರಾಟೆಯ ಮೇಲಿನ ಹಗ್ಗದಂತೆ ಮೃದ್ವಸ್ಥಿಯ ಕುಣಿಕೆಯಲ್ಲಿ ಹಾದು ದಿಕ್ಕು ಬದಲಿಸುತ್ತದೆ. ಅದನ್ನು ನಡೆಸುವುದು ಮಿದುಳಿನಿಂದ ನೇರ ಹೊರಡುವ ನಾಲ್ಕನೆಯ ನರ (ಕಪಾಲ ನರ). ಬಲಗಣ್ಣಿನ ಈ ಸ್ನಾಯು ಸೋತರೆ ಮಗು ಸಾಮಾನ್ಯವಾಗಿ ಎಡಕ್ಕೆ ವಾಲುತ್ತದೆ. ಮನೆಯವರು ಕತ್ತು ಉಳುಕಿದೆ ಎಂದುಕೊಳ್ಳುತ್ತಾರೆ. ಹಳೆಯ ಫೋಟೋಗಳನ್ನು ಹುಡುಕಿ ತಂದ ಅಜ್ಜ-ಅಜ್ಜಿಯರಿಗೂ ಋಣಿ. ತೊಂದರೆ ಹುಟ್ಟಿನಿಂದ ಬಂದದ್ದೋ ಹೊಸದೋ ಎಂಬುದನ್ನು ನಾಮಕರಣದ ಒಂದು ಫೋಟೋ ಎಷ್ಟೋ ಸಲ ಹೇಳಿಬಿಡುತ್ತದೆ.

ಅರಿವಳಿಕೆ ತಜ್ಞರ ಋಣ ದೊಡ್ಡದು. ಸ್ನಾಯುವಿನ ಅಡಿಗೆ ಕೊಕ್ಕೆ ತೂರಿಸಿ ಎಳೆದ ಕ್ಷಣವೇ ಮಗುವಿನ ಹೃದಯ ಬಡಿತ ಕುಸಿಯಬಹುದು. ಎಳೆತದ ಸಂಕೇತ ಮುಖದ ಸ್ಪರ್ಶ ತಿಳಿಸುವ ಟ್ರೈಜೆಮಿನಲ್ ನರದ ಮೂಲಕ ಮಿದುಳಿಗೆ ಹೋಗಿ, ಬಡಿತವನ್ನು ನಿಧಾನಗೊಳಿಸುವ ವೇಗಸ್ ನರದ ಮೂಲಕ ಹೃದಯಕ್ಕೆ ಇಳಿಯುತ್ತದೆ. ಆಶ್ನರ್ ಮತ್ತು ದಾಗ್ನಿನಿ ಎಂಬ ವೈದ್ಯರು 1908ರಲ್ಲೇ ವಿವರಿಸಿದ ಪ್ರತಿವರ್ತನೆ ಇದು. ದೊಡ್ಡವರಿಗಿಂತ ಮಕ್ಕಳಲ್ಲಿ ಜೋರು. ಮಾನಿಟರಿನ ಮೇಲೆ ಕಣ್ಣಿಟ್ಟವರು "ಬಿಡಿ" ಎಂದೊಡನೆ ಕೊಕ್ಕೆ ಸಡಿಲಿಸಬೇಕು. ಬಹುತೇಕ ಅಷ್ಟಕ್ಕೇ ಬಡಿತ ಮರಳುತ್ತದೆ, ಮರಳದಿದ್ದರೆ ಬಡಿತ ಏರಿಸುವ ಔಷಧ ಅಟ್ರೊಪಿನ್. ಸಿರಿಂಜಿನಲ್ಲಿ ಅದನ್ನು ಮೊದಲೇ ತುಂಬಿಟ್ಟುಕೊಂಡೇ ಅವರು ಕೂರುತ್ತಿದ್ದರು.

ಥಿಯೇಟರಿನ ಸಿಸ್ಟರ್‌ಗಳೇ, 6-0 ವಿಕ್ರಿಲ್ ಎಂಬ, ತಾನಾಗಿ ಕರಗುವ ನವಿರಾದ ಹೊಲಿಗೆ ದಾರ ಸ್ನಾಯುವಿನ ಎರಡೂ ಅಂಚಿನಲ್ಲಿ ಬಿಗಿಯಾಗಿದೆಯೇ ಎಂದು ನೋಡದೆ ನೀವು ಒಮ್ಮೆಯೂ ಕತ್ತರಿ ಕೊಡಲಿಲ್ಲ. ಮೂಗಿನ ಕಡೆಯ ನೇರ ಸ್ನಾಯುವಿಗೆ ಓರೆ ಸ್ನಾಯುಗಳ ಆಸರೆಯಿಲ್ಲ. ಕೈತಪ್ಪಿದರೆ ಅದು ಕಣ್ಣುಗೂಡಿನ ಆಳಕ್ಕೆ ಸರಿದುಹೋಗುತ್ತದೆ, ಹುಡುಕುವುದು ಬಲು ಕಷ್ಟ.

ಇನ್ನು ತಾಯಿತಂದೆಯರು. ಶಸ್ತ್ರಚಿಕಿತ್ಸೆ ಕಣ್ಣನ್ನು ನೇರ ಮಾಡುತ್ತದೆ, ಮಂಕಾದ ದೃಷ್ಟಿಯನ್ನು ಎಬ್ಬಿಸುವುದಿಲ್ಲ. ಅದಕ್ಕೆ ಚೆನ್ನಾಗಿರುವ ಕಣ್ಣಿಗೆ ಪ್ಯಾಚ್ (ಕಣ್ಣು ಮುಚ್ಚುವ ಪಟ್ಟಿ) ಬೇಕು: ಮಧ್ಯಮ ಮಂದತೆಗೆ ದಿನಕ್ಕೆ 2 ಗಂಟೆ, ತೀವ್ರವಿದ್ದರೆ 6 ಗಂಟೆಯಿಂದ ಆರಂಭ. ಮಗು ಕಿತ್ತೆಸೆದರೂ ರಮಿಸಿ ಮತ್ತೆ ಅಂಟಿಸಿದಿರಿ. ಕನ್ನಡಕದ ಗಾಜಿಗೆ ಅಂಟಿಸಿದರೆ ಮಕ್ಕಳು ಸಂದಿಯಲ್ಲಿ ಇಣುಕುತ್ತಾರೆಂದು ಚರ್ಮಕ್ಕೇ ಅಂಟಿಸಿದಿರಿ. ಆ ಪ್ಯಾಚನ್ನು ಈಗ ನೀವಾಗಿಯೇ ನಿಲ್ಲಿಸಬೇಡಿ. ಮುಂದಿನ ತಪಾಸಣೆಗೆ ಬರುವಾಗ ಕನ್ನಡಕವನ್ನೂ ಪ್ಯಾಚ್ ಹಾಕಿದ ಗಂಟೆಗಳನ್ನು ಬರೆದಿಟ್ಟ ಪುಸ್ತಕವನ್ನೂ ತನ್ನಿ.