ಯುರೇನಸ್, ನೆಪ್ಚೂನ್‌ಗೂ ಜಾಗ ಕೊಡಿ

ಮಾನ್ಯರೇ,

ವಿಜ್ಞಾನ ಪುಟಗಳಲ್ಲಿ ಚಂದ್ರ, ಮಂಗಳರ ಸುದ್ದಿಯೇ ಜಾಸ್ತಿ. ದೂರದ ಯುರೇನಸ್, ನೆಪ್ಚೂನ್ ಬಗ್ಗೆ ಓದಲು ಸಿಗುವುದು ತೀರಾ ಕಡಿಮೆ. ಇವುಗಳ ಪಕ್ಕ ಹಾದುಹೋದ ನೌಕೆಯೂ ಒಂದೇ, ವಾಯೇಜರ್ 2. ಯುರೇನಸ್‌ಗೆ 1986ರಲ್ಲಿ, ನೆಪ್ಚೂನ್‌ಗೆ 1989ರಲ್ಲಿ. ಆಮೇಲೆ ಯಾವ ನೌಕೆಯೂ ಅತ್ತ ಹೋಗಿಲ್ಲ.

ಯುರೇನಸ್ ಮಗ್ಗುಲಾಗಿ ಮಲಗಿಕೊಂಡೇ ಸೂರ್ಯನನ್ನು ಸುತ್ತುತ್ತದೆ. ಒಂದು ಸುತ್ತಿಗೆ 84 ವರ್ಷ. ಹಾಗಾಗಿ ಅದರ ಧ್ರುವಗಳಲ್ಲಿ ಸುಮಾರು 42 ವರ್ಷ ಹಗಲು, 42 ವರ್ಷ ಇರುಳು!

ನನಗಂತೂ ಇವುಗಳ ಚಂದ್ರಗಳ ಮೇಲೆಯೇ ಹೆಚ್ಚು ಕುತೂಹಲ. ನೆಪ್ಚೂನ್‌ನ ದೊಡ್ಡ ಚಂದ್ರ ಟ್ರೈಟನ್, ಗ್ರಹ ತಿರುಗುವ ದಿಕ್ಕಿಗೆ ಉಲ್ಟಾ ಸುತ್ತುತ್ತದೆ. ಅದು ಅಲ್ಲೇ ಹುಟ್ಟಿದ್ದಲ್ಲ, ಎಲ್ಲಿಂದಲೋ ಬಂದು ನೆಪ್ಚೂನ್‌ನ ಸೆಳೆತಕ್ಕೆ ಸಿಕ್ಕಿಕೊಂಡಿದ್ದು ಎನ್ನುತ್ತಾರೆ ವಿಜ್ಞಾನಿಗಳು. ಸೊನ್ನೆಗಿಂತ ಸುಮಾರು 235 ಡಿಗ್ರಿ ಕೆಳಗಿನ ಚಳಿ ಅಲ್ಲಿ. ಅಂಥ ಚಳಿಯಲ್ಲೂ ಬುಗ್ಗೆಗಳು ಸುಮಾರು 8 ಕಿ.ಮೀ. ಎತ್ತರಕ್ಕೆ ಚಿಮ್ಮುತ್ತಿದ್ದವು. ವಾಯೇಜರ್ ಕಳಿಸಿದ ಚಿತ್ರಗಳಲ್ಲಿ ಅವು ಕಂಡಿವೆ. ಎಂಥ ಸೋಜಿಗ ಅಲ್ವಾ?

ಯುರೇನಸ್‌ಗೆ ನೌಕೆ ಕಳಿಸುವುದೇ ಮುಂದಿನ ದೊಡ್ಡ ಯೋಜನೆಯಾಗಲಿ ಎಂದು ಅಮೆರಿಕದ ವಿಜ್ಞಾನಿಗಳು 2022ರಲ್ಲೇ ಶಿಫಾರಸು ಮಾಡಿದ್ದಾರೆ. ಅದು ಹೊರಟರೂ ತಲುಪಲು ಹತ್ತು-ಹದಿನೈದು ವರ್ಷ ಬೇಕು. ಆ ಚಿತ್ರಗಳನ್ನು ನೋಡಿ ಅರ್ಥ ಮಾಡಿಕೊಳ್ಳಬೇಕಾದವರು ಇಂದಿನ ಮಕ್ಕಳು. ಅವರಿಗಾಗಿ ಈ ಗ್ರಹಗಳ ಬಗ್ಗೆ ಒಂದು ಲೇಖನಮಾಲೆ ಶುರು ಮಾಡಿ.

— ಒಬ್ಬ ಓದುಗ