ಪದವಿ ಮುಗಿದ ಈ ವಾರ ನೆನೆಯಬೇಕಾದವರು

ವ್ಯಾಯಾಮ ಶರೀರಕ್ರಿಯಾಶಾಸ್ತ್ರ ಮತ್ತು ಆರೋಗ್ಯ ಸಂವರ್ಧನೆಯಲ್ಲಿ ನನ್ನ ಸ್ನಾತಕೋತ್ತರ ಪದವಿ ಈ ವಾರ ಮುಗಿಯಿತು. ಓಡುವವರ ಉಸಿರಿನ ಗಾಳಿಯನ್ನು ಯಂತ್ರದಿಂದ ಅಳೆದು, ದೇಹ ಎಷ್ಟು ಆಮ್ಲಜನಕ ಬಳಸುತ್ತದೆಂದು ನೋಡುವುದು ನನ್ನ ಪ್ರಬಂಧದ ಕೆಲಸವಾಗಿತ್ತು. ಇಲ್ಲಿ ಯಾರ ಋಣ ನನ್ನ ಮೇಲಿದೆ ಎಂಬುದನ್ನಷ್ಟೇ ಬರೆಯುತ್ತೇನೆ.

ಕುಳಿತೇ ಇರುವ ಬಸ್ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯೆಂದು ತೋರಿಸಿದ ಜೆರೆಮಿ ಮಾರಿಸ್ ಅವರ 1953ರ ಲಂಡನ್ ಅಧ್ಯಯನವನ್ನು ಮೊದಲ ದಿನವೇ ಓದಲು ಕೊಟ್ಟ ಮಾರ್ಗದರ್ಶಕರಿಗೆ, ಕರಡುಗಳನ್ನು ತಿದ್ದಿದ ಸಹಪಾಠಿಗಳಿಗೆ, ಏನೂ ಕೇಳದೆ ಕಾದ ಮನೆಯವರಿಗೆ, ಮುಖವಾಡ ಕಟ್ಟಿಕೊಂಡು ಉಸಿರು ಕಟ್ಟುವವರೆಗೆ ಓಡಿದ ಸ್ವಯಂಸೇವಕರಿಗೆ ನಾನು ಕೃತಜ್ಞಳು.

ಉಳಿದ ಮಾತೆಲ್ಲ ಪ್ರಯೋಗಾಲಯದ ತಾಂತ್ರಿಕ ಸಹಾಯಕಿಗೆ ಸಲ್ಲಬೇಕು. ಅವರನ್ನು ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ಪ್ರತಿ ಪರೀಕ್ಷೆಗೆ ಮುನ್ನ 3 ಲೀಟರಿನ ಸಿರಿಂಜಿನಿಂದ ಗಾಳಿಯನ್ನು ಒಮ್ಮೆ ನಿಧಾನವಾಗಿ, ಒಮ್ಮೆ ರಭಸವಾಗಿ ತಳ್ಳಿ ಯಂತ್ರದ ಅಳತೆಯನ್ನು ಪರಿಶೀಲಿಸುವುದನ್ನು ಅವರೇ ಕಲಿಸಿದರು. ಪರೀಕ್ಷೆ ಮುಗಿದ ಮೇಲೂ ಪ್ರಮಾಣಿತ ಅನಿಲವನ್ನು, ಅಂದರೆ ಯಾವ ಅನಿಲ ಎಷ್ಟಿದೆಯೆಂದು ಮೊದಲೇ ತಿಳಿದಿರುವ ಮಿಶ್ರಣವನ್ನು, ಮತ್ತೊಮ್ಮೆ ಹಾಯಿಸಿ, ಬಂದ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆಯಬೇಕೆಂಬುದು ಅವರ ಹಠವಾಗಿತ್ತು. ಅದು ವ್ಯರ್ಥ ಶ್ರಮವೆಂದು ನಾನು ಗೊಣಗುತ್ತಿದ್ದೆ.

ಒಂದು ಸಂಜೆ ಆಮ್ಲಜನಕದ ಅಂಕಿ ತಾನಾಗಿ ಜಾರುತ್ತಿರುವುದು ಕಂಡಿತು. ಒಳಗೆಳೆದುಕೊಳ್ಳುವ ಗಾಳಿಯಲ್ಲಿ ಶೇಕಡಾ 20.93, ಹೊರಬಿಡುವ ಗಾಳಿಯಲ್ಲಿ ಸುಮಾರು 17: ನನ್ನ ಇಡೀ ಪ್ರಬಂಧ ನಿಂತಿದ್ದದ್ದು ಈ ಕಿರಿದಾದ ಅಂತರದ ಮೇಲೆ. ಅದರಲ್ಲಿ ಅಲ್ಪ ದೋಷವಿದ್ದರೂ ತಿಂಗಳುಗಳ ದತ್ತಾಂಶ ಹಾಳಾದಂತೆಯೇ. ರಾತ್ರಿ ಹನ್ನೊಂದರ ಹೊತ್ತಿಗೆ ವ್ಯಾಸಂಗ ಬಿಡುವ ಪತ್ರದ ಮೊದಲ ಎರಡು ಸಾಲು ಬರೆದಿದ್ದೆ. ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಚಟುವಟಿಕೆ ಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯನ್ನು ಊರಿಗೆಲ್ಲ ಹೇಳುತ್ತಿದ್ದ ನಾನು ಅಷ್ಟರಲ್ಲಿ ನಡೆಯುವುದನ್ನೂ, ನಿದ್ದೆಯನ್ನೂ, ಒಮ್ಮೊಮ್ಮೆ ಊಟವನ್ನೂ ಬಿಟ್ಟಿದ್ದೆ. ಆ ರಾತ್ರಿ ಬಿಕ್ಕಿಬಿಕ್ಕಿ ಅತ್ತೆ. ಬದುಕುವುದೇ ಬೇಡವೆನಿಸಿತ್ತು ಎಂಬುದನ್ನು ಇಲ್ಲಿ ಮೊದಲ ಬಾರಿಗೆ ಹೇಳುತ್ತಿದ್ದೇನೆ.

ಅಕ್ಕ ಸಮಾಧಾನದ ಮಾತಾಡಲಿಲ್ಲ. ಓಡುವವರು ತಮಗೆಷ್ಟು ಶ್ರಮವೆನಿಸುತ್ತಿದೆ ಎಂಬುದನ್ನು ಆರು (ಶ್ರಮವೇ ಇಲ್ಲ) ಮತ್ತು ಇಪ್ಪತ್ತರ (ಗರಿಷ್ಠ ಶ್ರಮ) ನಡುವಿನ ಅಂಕಿಯಲ್ಲಿ ತೋರಿಸುವ, ಗೋಡೆಯಲ್ಲಿದ್ದ ಬೋರ್ಗ್ ಶ್ರಮಮಾಪಕದ ಪಟವನ್ನು ತೆಗೆದು ನನ್ನ ಮುಂದಿಟ್ಟು, "ಆರರಿಂದ ಇಪ್ಪತ್ತರೊಳಗೆ ಈಗ ಎಷ್ಟು, ಬೆರಳಿಟ್ಟು ತೋರಿಸು" ಎಂದರು. ನಾನು ಹತ್ತೊಂಬತ್ತನ್ನು ಮುಟ್ಟಿದೆ. "ಸರಿ, ವೇಗ ಇಳಿಸೋಣ. ಒಮ್ಮೆಲೇ ನಿಲ್ಲಿಸೋದು ಬೇಡ" ಎಂದರು. ಗರಿಷ್ಠ ಶ್ರಮದಿಂದ ಥಟ್ಟನೆ ನಿಂತರೆ ರಕ್ತ ಕಾಲುಗಳಲ್ಲೇ ಉಳಿದು ಮನುಷ್ಯ ಕುಸಿದು ಬೀಳಬಹುದು. ಅದಕ್ಕೇ ಪರೀಕ್ಷೆಯ ಕೊನೆಗೆ ನಿಧಾನವಾಗಿ ನಡೆಸುತ್ತೇವೆ. ಇದನ್ನು ಎಷ್ಟೋ ಜನರಿಗೆ ವಿವರಿಸಿದ್ದ ನನಗೆ ನನ್ನ ಸರದಿ ಬಂದಾಗ ಹೊಳೆದಿರಲಿಲ್ಲ.

ಬೆಳಗಿನ ನಾಲ್ಕರವರೆಗೆ ಅವರು ಅಂಕಿಗಳನ್ನು ಓದಿದರು, ನಾನು ಕಡತಗಳೊಂದಿಗೆ ತಾಳೆ ನೋಡಿದೆ. ಗಾಳಿಯ ಮಾದರಿ ಎಳೆಯುವ ನಳಿಕೆಯೊಳಗೆ ತೇವ ಸೇರಿತ್ತು. ಜಾರಿಕೆ ಕೊನೆಯ ಮೂರು ಪರೀಕ್ಷೆಗಳಿಗಷ್ಟೇ ಸೀಮಿತವೆಂದು ನಾನು ಗೊಣಗಿದ್ದ ಅದೇ ನೋಟ್‌ಬುಕ್ ತೋರಿಸಿಕೊಟ್ಟಿತು. ಆ ಮೂವರೂ ಬೇಸರಿಸದೆ ಮತ್ತೆ ಬಂದು ಓಡಿದರು. ಮರುವಾರ ಆಪ್ತ ಸಮಾಲೋಚಕರ ಬಳಿಗೂ ಅಕ್ಕನೇ ನನ್ನನ್ನು ಕರೆದುಕೊಂಡು ಹೋದರು.

ಪ್ರಬಂಧದ ಮೊದಲ ಪ್ರತಿ ಅವರಿಗೆ. ಕೃತಜ್ಞತೆಯ ಪುಟವನ್ನು ಬಿಟ್ಟು ನೇರವಾಗಿ ಅಳತೆ ಪರಿಶೀಲನೆಯ ಅನುಬಂಧವನ್ನೇ ತೆರೆದು ತಪ್ಪು ಹುಡುಕುತ್ತಾರೆಂದು ತಿಳಿದೇ, ಅಲ್ಲಿನ ಪಟ್ಟಿಯ ಕೆಳಗೂ ಅವರ ಹೆಸರು ಬರೆದಿದ್ದೇನೆ.